ಸೂರುಗಣ್ಣಿಗೆ ರೆಕ್ಕೆ

ನಮ್ಮ ಮನೆತನದಲ್ಲಿ ಆಸ್ತಿ ಪಾಲಾಗುವಾಗ ದೊಡ್ಡ ಗಲಾಟೆಯೇ ನಡೆದಿತ್ತು. ಅಜ್ಜಿಯ ಕಣ್ಣು ಮಾತ್ರ ಯಾರ ತಕರಾರೂ ಇಲ್ಲದೆ ನನ್ನ ಪಾಲಿಗೆ ಬಂತು. ಮಲೆನಾಡಿನ ಹಂಚಿನ ಮನೆಯ ಸೂರು ತಲೆಗೆ ತಾಗುವಷ್ಟು ಕೆಳಗಿಳಿದಿರುತ್ತದಲ್ಲ, ಹಾಗೆ ಹುಬ್ಬಿನ ಕೆಳಗಿನ ಚರ್ಮ ರೆಪ್ಪೆಯ ಮೇಲೆ ಇಳಿದು ಕುಳಿತಿದೆ. ಬ್ಯೂಟಿ ಪಾರ್ಲರಿನವರು ಇದಕ್ಕೆ ‘ಹುಡೆಡ್ ಐ’ ಎನ್ನುತ್ತಾರೆ. ನಾನು ಸೂರುಗಣ್ಣು ಎಂದು ಹೆಸರಿಟ್ಟುಕೊಂಡಿದ್ದೇನೆ.

ಈ ಪಿತ್ರಾರ್ಜಿತದ ಮಹಿಮೆ ತಿಳಿದದ್ದು ಚಿಕ್ಕಪ್ಪನ ಮಗಳ ಮದುವೆಯ ದಿನ. ಬೆಳಗಿನ ಐದು ಗಂಟೆಗೇ ಎದ್ದು, ಕಲ್ಯಾಣ ಮಂಟಪದ ಕೋಣೆಯಲ್ಲಿ ಮೊಬೈಲನ್ನು ಕುಂಕುಮದ ಭರಣಿಗೆ ಒರಗಿಸಿ ವಿಡಿಯೊ ಹಾಕಿದೆ. ಅದರಲ್ಲಿದ್ದ ಹುಡುಗಿಯ ರೆಪ್ಪೆ ಜಗಲಿಯಷ್ಟು ವಿಶಾಲ. ಅಲ್ಲಿ ಮೂರು ಬಣ್ಣ ಹಾಸಿ, ಅಂಚಿಗೆ ಹಕ್ಕಿಯ ರೆಕ್ಕೆಯಂತೆ ಐಲೈನರ್ ಎಳೆದು ನಕ್ಕಳು. ‘ಇದೇನು ಹೊಸತೇ? 1960ರ ದಶಕದಲ್ಲಿಯೇ ಕಲ್ಪನಾ, ಜಯಂತಿ ಎಳೆದುಕೊಳ್ಳುತ್ತಿದ್ದರು’ ಎಂದು ಅಮ್ಮ ಸೀರೆಯ ನಿರಿಗೆ ಹಿಡಿಯುತ್ತಲೇ ಹೇಳಿದಳು. ಸರಿ, ನಾನೂ ಒಂದೊಂದೇ ಕಣ್ಣು ಮುಚ್ಚಿ ಬಣ್ಣ ಬಳಿದೆ, ರೆಕ್ಕೆ ಎಳೆದೆ. ಮುಚ್ಚಿರುವಷ್ಟು ಹೊತ್ತು ಎಲ್ಲವೂ ಅದ್ಭುತವಾಗಿತ್ತು.

ಕಣ್ಣು ತೆರೆದರೆ ಮೂರು ಬಣ್ಣಗಳೂ ಸೂರಿನೊಳಗೆ ನುಗ್ಗಿ ಮಾಯವಾದವು. ರೆಕ್ಕೆ ಮಡಿಕೆಗೆ ಸಿಕ್ಕಿ, ಬಾಗಿಲ ಸಂದಿಗೆ ಸಿಲುಕಿದ ಹಲ್ಲಿಯಂತೆ ಬಾಲದ ತುದಿಯನ್ನು ಮಾತ್ರ ಹೊರಗೆ ಚಾಚಿತ್ತು. ಕಾಣಲೆಂದು ಎಡಗಣ್ಣಿನ ಗೆರೆಯನ್ನು ದಪ್ಪ ಮಾಡಿದೆ. ಅದಕ್ಕೆ ಸರಿಹೊಂದಲಿ ಎಂದು ಬಲಗಣ್ಣಿನದನ್ನೂ ದಪ್ಪ ಮಾಡಿದೆ. ಆಗ ಎಡದ್ದು ತೆಳ್ಳಗೆ ಕಂಡಿತು. ಈ ಪೈಪೋಟಿ ಹಣೆಯವರೆಗೆ ಹೋಗುವ ಮೊದಲೇ ಅತ್ತಿಗೆ ಬಂದು, ‘ಎಲ್ಲವನ್ನೂ ಬೆರಳಿನಿಂದ ಹರಡಿಬಿಡು, ಸ್ಮೋಕಿ ಐ, ಅಂದರೆ ಹೊಗೆ ಕವಿದಂಥ ಕಣ್ಣು ಆಗುತ್ತದೆ’ ಎಂದರು. ಹರಡಿದೆ.

ಹೋಮಕುಂಡದ ಪಕ್ಕದಲ್ಲಿಯೇ ಜಾಗ ಸಿಕ್ಕಿತು. ಒಳಗಿನ ಹೊಗೆಯ ಜೊತೆ ಹೊರಗಿನ ಹೊಗೆಯೂ ಸೇರಿ ಕಣ್ಣೀರು ಧಾರೆಯಾಯಿತು. ರೆಪ್ಪೆ ಬಡಿದಾಗಲೆಲ್ಲ ಹುಬ್ಬಿನ ಕೆಳಗೆ ಕಚೇರಿಯ ಮೊಹರಿನಂತೆ ಒಂದು ಕಪ್ಪು ಗುರುತು ಬೀಳುತ್ತಿತ್ತು. ಸೋದರತ್ತೆ ಹತ್ತಿರ ಬಂದು ಬೆನ್ನು ಸವರಿ, ‘ಹೆಣ್ಣು ಕಳಿಸಿಕೊಡುವುದು ಸಂಜೆಗೆ ಕಣೇ, ಈಗಲೇ ಯಾಕೆ ಇಷ್ಟೊಂದು ಅಳುತ್ತೀಯೆ?’ ಎಂದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನಿಜ ಹೇಳಲಿಲ್ಲ.

ತೆಂಗಿನೆಣ್ಣೆಯಲ್ಲಿ ಎಲ್ಲವನ್ನೂ ಒರೆಸಿ ಹಾಕಿದ ಆ ರಾತ್ರಿ ನೆನಪಾದದ್ದು ಅಜ್ಜಿ. ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವಚಿ, ಕೂತ ಮಸಿಯನ್ನು ಕೆರೆದು, ಬೆಣ್ಣೆಯಲ್ಲಿ ಕಲೆಸಿದ ಕಾಡಿಗೆ ಅವಳದು. ಹಚ್ಚಿಕೊಳ್ಳುವಾಗ ಕನ್ನಡಿಯನ್ನು ಕಣ್ಣಿನ ನೇರಕ್ಕೆ ಹಿಡಿದು, ಕಣ್ಣನ್ನು ಪೂರ್ತಿ ತೆರೆದೇ ಇರುತ್ತಿದ್ದಳು. ನಾನು ಗದ್ದ ಎತ್ತಿ, ಕಣ್ಣು ಮುಚ್ಚಿ, ಜಗತ್ತಿನಲ್ಲಿ ಯಾರೂ ನೋಡದ ಮುಖಕ್ಕೆ ಶೃಂಗಾರ ಮಾಡುತ್ತಿದ್ದೆ.

ಈಗ ನೇರ ನೋಡುತ್ತಾ, ಕಣ್ಣು ತೆರೆದಿಟ್ಟೇ ರೆಕ್ಕೆಯ ತುದಿ ಬರಬೇಕಾದ ಕಡೆ ಮೊದಲು ಒಂದು ಚುಕ್ಕೆ ಇಡುತ್ತೇನೆ. ಅಲ್ಲಿಂದ ಮಡಿಕೆಯ ಮೇಲೆಯೇ ಹಾಯಿಸಿ ಗೆರೆಯನ್ನು ಒಳಕ್ಕೆ ತರುತ್ತೇನೆ. ರೆಪ್ಪೆಯಂಚಿಗೆ ಕೂದಲೆಳೆಯಷ್ಟು ಕಪ್ಪು ಸಾಕು. ಕಂದು ಬಣ್ಣವನ್ನು ಮಡಿಕೆಗಿಂತ ತುಸು ಮೇಲೆ, ಅಂದರೆ ಸೂರಿನ ಮೇಲೆಯೇ ಬಳಿಯುತ್ತೇನೆ. ಕಣ್ಣು ಮುಚ್ಚಿದರೆ ಗೆರೆ ಬಾವಲಿಯ ರೆಕ್ಕೆಯಂತೆ ಸೊಟ್ಟಗೆ ಕಾಣುತ್ತದೆ. ನಾನು ನಿದ್ದೆ ಮಾಡುವಾಗ ನೋಡುವವರು ಗೊರಕೆಯ ಬಗ್ಗೆ ದೂರುತ್ತಾರೆಯೇ ಹೊರತು ಐಲೈನರ್ ಬಗ್ಗೆ ಅಲ್ಲ.

ಎರಡೂ ಕಡೆ ಸಮನಾಗಿ ಬರುವುದು ಮಾತ್ರ ಇಂದಿಗೂ ಆಗಿಲ್ಲ. 1912ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ, ಅಲ್ಲಿನ ಪ್ರಾಚೀನ ರಾಣಿ ನೆಫರ್ಟಿಟಿಯ ಶಿಲ್ಪ ಈಗ ಬರ್ಲಿನ್ನಿನಲ್ಲಿದೆ. ಮೂರು ಸಾವಿರ ವರ್ಷ ದಾಟಿದರೂ ಕಣ್ಣಂಚಿನ ಕಪ್ಪು ಅಳಿಸಿಲ್ಲ. ಆದರೆ ಬಲಗಣ್ಣಿಗೆ ಪಾಪೆಯಿದೆ, ಎಡಗಣ್ಣು ಬರಿದು. ವಿದ್ವಾಂಸರು ಏನೇ ಕಾರಣ ಹೇಳಲಿ, ಒಂದು ಕಣ್ಣು ಚೆನ್ನಾಗಿ ಮುಗಿಸಿ ಇನ್ನೊಂದಕ್ಕೆ ಬರುವಾಗ ಕೈ ನಡುಗಿ ಕುಂಚ ಕೆಳಗಿಟ್ಟವನ ಕಷ್ಟ ನನಗೆ ಗೊತ್ತು.