ಸಂಶಯದ ಲಾಭ

ನ್ಯಾಯಾಲಯದ ಕನ್ನಡದಲ್ಲಿ ‘ಸಂಶಯದ ಲಾಭ’ ಎಂಬ ಮಾತೊಂದಿದೆ: ಸಂಶಯ ಉಳಿದರೆ ತೀರ್ಮಾನವು ಕಟಕಟೆಯಲ್ಲಿ ನಿಂತವನ ಪರವಾಗಿರಬೇಕು ಎಂದರ್ಥ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು 1979ರಲ್ಲಿ ಹೊರತಂದ ಕೈಪಿಡಿಯು ಈ ಲಾಭವನ್ನು ಆಶ್ರಯ ಕೋರಿ ಬಂದವನಿಗೆ ಕೊಡಬೇಕೆನ್ನುತ್ತದೆ. ಜೀವ ಉಳಿಸಿಕೊಳ್ಳಲು ಓಡಿಬಂದವನು ತನ್ನ ಪ್ರತಿಯೊಂದು ಮಾತಿಗೂ ಪುರಾವೆ ಹೊತ್ತು ತರಲಾರ ಎಂಬುದು ಅದನ್ನು ಬರೆದವರ ತಿಳಿವಳಿಕೆ. ಶ್ರೀಮಂತ ದೇಶಗಳ ವಲಸೆ ಕಚೇರಿಗಳು ಈ ಸೂತ್ರವನ್ನೇನೂ ತಳ್ಳಿಹಾಕಿಲ್ಲ. ನ್ಯಾಯವಾಗಿ ಪಾಲು ಮಾಡಿಕೊಂಡಿವೆ, ಅಷ್ಟೆ: ಸಂಶಯ ಅರ್ಜಿದಾರನಿಗೆ, ಲಾಭ ಕಚೇರಿಗೆ.

1951ರ ಜಿನೀವಾ ಒಪ್ಪಂದದ ಪ್ರಕಾರ ನಿರಾಶ್ರಿತನೆನಿಸಿಕೊಳ್ಳಲು ಬರಿಯ ಭಯವಿದ್ದರೆ ಸಾಲದು, ಅದು ಸಕಾರಣವಾದ ಭಯವಾಗಿರಬೇಕು. ಆ ಕಾರಣವೂ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಖಾನೆಗಳಲ್ಲಿ ಒಂದರೊಳಗೆ ಕೂರಬೇಕು. ಭಯವನ್ನು ಅಳೆಯುವ ತಕ್ಕಡಿ ಇನ್ನೂ ತಯಾರಾಗಿಲ್ಲವಾದ್ದರಿಂದ ಅಧಿಕಾರಿಗಳು ಅದರ ಬದಲು ಜ್ಞಾಪಕಶಕ್ತಿಯನ್ನು ಅಳೆಯುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕಾಗಿ ಎರಡು ಸಂದರ್ಶನಗಳಿವೆ. ಮೊದಲನೆಯದರಲ್ಲಿ ‘ಚುಟುಕಾಗಿ ಹೇಳಿ, ವಿವರಕ್ಕೆ ಮುಂದೆ ಅವಕಾಶವಿದೆ’ ಎನ್ನುತ್ತಾರೆ. ಎರಡನೆಯದರಲ್ಲಿ ವಿವರವಾಗಿ ಹೇಳಿದರೆ ‘ಇದನ್ನು ಅಂದೇ ಏಕೆ ಹೇಳಲಿಲ್ಲ?’ ಎಂದು ಕೇಳುತ್ತಾರೆ. ಎರಡು ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದು ಸುಳ್ಳು. ಚಾಚೂ ತಪ್ಪದೆ ತಾಳೆಯಾದರೆ ಅದು ಬಾಯಿಪಾಠ. ಹೇಳುವಾಗ ಅತ್ತರೆ ನಾಟಕ, ಅಳದಿದ್ದರೆ ಅಂಥದ್ದೇನೂ ಆಗಿಲ್ಲವೆಂದು ಅರ್ಥ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಹಿಡಿಯುವುದು ನಮ್ಮ ಗಾದೆಯ ಪದ್ಧತಿ. ಇಲ್ಲಿ ಹೆಗಲು ಮುಟ್ಟಿಕೊಳ್ಳದೆ ಸುಮ್ಮನೆ ನಿಂತವನು ಇನ್ನೂ ಪಳಗಿದ ಕಳ್ಳನಾಗುತ್ತಾನೆ.

ಈ ಶಾಸ್ತ್ರವು ಪರಾಕಾಷ್ಠೆ ಮುಟ್ಟಿದ್ದು ಆಸ್ಟ್ರಿಯಾದಲ್ಲಿ, 2018ರ ಆಗಸ್ಟ್ ತಿಂಗಳಿನಲ್ಲಿ. ತಾನು ಸಲಿಂಗಪ್ರೇಮಿಯಾದ್ದರಿಂದ ತಾಯ್ನಾಡಿನಲ್ಲಿ ಜೀವಭಯವಿದೆಯೆಂದು ಹೇಳಿಕೊಂಡ ಹದಿನೆಂಟರ ಅಫ್ಘನ್ ತರುಣನ ಅರ್ಜಿಯನ್ನು ತಿರಸ್ಕರಿಸುತ್ತ ಅಧಿಕಾರಿಯೊಬ್ಬರು, ಅವನ ನಡಿಗೆಯಾಗಲಿ, ವರ್ತನೆಯಾಗಲಿ, ಉಡುಪಾಗಲಿ ಅವನು ಅಂಥವನೆಂದು ಲವಲೇಶವೂ ಸೂಚಿಸುವುದಿಲ್ಲವೆಂದು ಬರೆದರು. ಅವನಿಗೆ ಸ್ನೇಹಿತರು ಕಡಿಮೆಯೆಂಬುದೂ ಅವರ ಕಣ್ಣಿಗೆ ಬಿತ್ತು. ಸಲಿಂಗಪ್ರೇಮಿಗಳು ಜನರೊಡನೆ ಬೆರೆಯುವ ಸ್ವಭಾವದವರಲ್ಲವೇ ಎಂಬುದು ಅವರ ಪ್ರಶ್ನೆ. ಅದೇ ತಿಂಗಳು ಬೆಳಕಿಗೆ ಬಂದ ಇನ್ನೊಂದು ಪ್ರಕರಣದಲ್ಲಿ ಇರಾಕಿನ ಯುವಕನ ಅರ್ಜಿಯೂ ತಿರಸ್ಕೃತವಾಗಿತ್ತು. ಕಾರಣ, ಅವನ ಹಾವಭಾವ ತೀರಾ ಹೆಣ್ಣಿಗನಂತಿದ್ದು, ಅದು ನಟನೆಯೆಂದು ಕಚೇರಿಗೆ ಅನ್ನಿಸಿತ್ತು. ಇಬ್ಬರನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ಸರಾಸರಿ ತೆಗೆದಿದ್ದರೆ ಒಬ್ಬನಿಗಾದರೂ ಆಶ್ರಯ ಸಿಗುತ್ತಿತ್ತೇನೋ.

ಬ್ರಿಟನ್ನಿನ ಗೃಹ ಇಲಾಖೆಯದು ಇದಕ್ಕಿಂತ ವಿದ್ವತ್ಪೂರ್ಣವಾದ ಮಾರ್ಗ. ಇರಾನಿನಿಂದ ಬಂದ ಅರ್ಜಿದಾರನೊಬ್ಬ, ಕ್ರೈಸ್ತಧರ್ಮವು ಶಾಂತಿಯ ಧರ್ಮವೆಂದು ಮನಗಂಡು ಮತಾಂತರಗೊಂಡೆನೆಂದು ಹೇಳಿದ್ದ. 2019ರಲ್ಲಿ ಅವನ ಕೈಸೇರಿದ ತಿರಸ್ಕಾರಪತ್ರದಲ್ಲಿ ಬೈಬಲಿನ ಯಾಜಕಕಾಂಡದಿಂದ ವಾಕ್ಯಗಳಿದ್ದವು. ಬೈಬಲಿನ ಕೊನೆಯ ಭಾಗವಾದ ಪ್ರಕಟನೆ ಗ್ರಂಥದ ತುಂಬ ಸೇಡು, ವಿನಾಶ, ಸಾವುಗಳ ಚಿತ್ರಗಳೇ ಇವೆಯೆಂಬ ವ್ಯಾಖ್ಯಾನವಿತ್ತು. ಆದುದರಿಂದ ಶಾಂತಿಗಾಗಿ ಮತಾಂತರಗೊಂಡೆನೆಂಬ ಮಾತು ಹೊಂದಿಕೆಯಾಗುವುದಿಲ್ಲವೆಂಬ ತೀರ್ಪಿತ್ತು. ಅಧಿಕೃತ ಚರ್ಚೊಂದನ್ನು ಹೊಂದಿರುವ, ಬಿಷಪ್ಪರು ಶಾಸನಸಭೆಯಲ್ಲಿ ಕೂರುವ ದೇಶದ ಸರ್ಕಾರವೊಂದು, ಒಬ್ಬನೇ ಒಬ್ಬನನ್ನು ವಾಪಸು ಕಳಿಸುವ ಸಲುವಾಗಿ ತನ್ನ ಧರ್ಮಗ್ರಂಥವನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿತು. ಸುದ್ದಿಯಾದ ಮೇಲೆ, ಆ ಪತ್ರವು ನಮ್ಮ ನೀತಿಗೆ ಅನುಗುಣವಾಗಿಲ್ಲವೆಂದು ಇಲಾಖೆ ಹೇಳಿತೆನ್ನಿ.

ಮನುಷ್ಯರ ಸಂಶಯಕ್ಕೂ ದಣಿವಾಗುತ್ತದೆಯೆಂದು ಜರ್ಮನಿಯ ವಲಸೆ ಕಚೇರಿಯು 2017ರಿಂದ ಯಂತ್ರವನ್ನು ಕೂರಿಸಿದೆ. ಅರ್ಜಿದಾರನು ಚಿತ್ರವೊಂದನ್ನು ನೋಡಿ ತನ್ನ ನುಡಿಯಲ್ಲಿ ವರ್ಣಿಸಬೇಕು. ಆ ಉಪಭಾಷೆ ಯಾವ ನಾಡಿನದೆಂದು ತಂತ್ರಾಂಶವು ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಗಡಿಯ ಆಚೆಗೆ ಹುಟ್ಟಿ, ಈಚೆಯ ಶಿಬಿರದಲ್ಲಿ ಬೆಳೆದು, ಎರಡೂ ಕಡೆಯ ಉಚ್ಚಾರಣೆ ನಾಲಗೆಗೆ ಅಂಟಿಸಿಕೊಂಡವನು ಶೇಕಡಾ ಎಷ್ಟು ನಿರಾಶ್ರಿತನೋ, ಆ ಯಂತ್ರವನ್ನೇ ಕೇಳಬೇಕು.

ಇನ್ನು ದಾಖಲೆಯ ವಿಚಾರ. ಬ್ರಿಟನ್ನಿನ 2004ರ ಕಾಯ್ದೆಯೊಂದರ 8ನೆಯ ಸೆಕ್ಷನ್ನಿನ ಪ್ರಕಾರ, ಪ್ರಯಾಣಕ್ಕೆ ಸಂಬಂಧಪಟ್ಟ ದಾಖಲೆಯನ್ನು ಸಮಂಜಸವಾದ ವಿವರಣೆಯಿಲ್ಲದೆ ನಾಶಪಡಿಸಿದ ಅರ್ಜಿದಾರನ ವಿಶ್ವಾಸಾರ್ಹತೆಗೆ ಅದರಿಂದ ಕುಂದುಂಟಾಗುತ್ತದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ ಕಾನೂನುಬದ್ಧವಾಗಿ ಬಂದು, ದುಡಿದು, ತೆರಿಗೆ ಕಟ್ಟಿ, ಮುಪ್ಪಾದವರನ್ನು ಇದೇ ದೇಶವು ‘ನೀವು ಯಾವಾಗ ಬಂದಿರಿ, ತೋರಿಸಿ’ ಎಂದು ಹಿಡಿದು ನಿಲ್ಲಿಸಿತು. ಕೆಲವರ ಕೆಲಸ ಹೋಯಿತು, ಕೆಲವರು ಬಂಧನದಲ್ಲಿ ಕುಳಿತರು, ಕೆಲವರನ್ನು ದೇಶದಿಂದಲೇ ಸಾಗಹಾಕಲಾಯಿತು. ಅವರು ಹಡಗಿನಿಂದಿಳಿದ ದಿನಾಂಕವನ್ನು ಹೇಳಬಲ್ಲ ಸಾವಿರಾರು ಆಗಮನ ಚೀಟಿಗಳು ಸರ್ಕಾರದ ಬಳಿಯೇ ಇದ್ದವು. 2010ರಲ್ಲಿ ಸರ್ಕಾರವೇ ಅವನ್ನು ನಾಶಪಡಿಸಿತ್ತು. ಖಾಸಗಿ ಮಾಹಿತಿಯ ರಕ್ಷಣೆಗಾಗಿ ಹಾಗೆ ಮಾಡಲಾಯಿತೆಂಬುದು ಕಚೇರಿಯ ವಿವರಣೆ. ಈ ಹಗರಣದ ಗದ್ದಲದ ನಡುವೆ 2018ರ ಏಪ್ರಿಲ್‌ನಲ್ಲಿ ಗೃಹ ಸಚಿವೆ ರಾಜೀನಾಮೆ ಕೊಟ್ಟರು. ಚೀಟಿಗಳ ನಾಶಕ್ಕೆ ತೀರ್ಮಾನ ಕೈಗೊಂಡವರು ಯಾರು, ಯಾವಾಗ ಎಂಬುದರ ಬಗ್ಗೆ ಎರಡು ಪ್ರಮುಖ ಪಕ್ಷಗಳ ಹೇಳಿಕೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆದರೂ ಯಾರನ್ನೂ ವಿಮಾನ ಹತ್ತಿಸಿದ ಸುದ್ದಿಯಿಲ್ಲ.