ಟೋಸ್ಟಿನ ಮೇಲೆ ಜೋನಿಬೆಲ್ಲ

ಓದಲೆಂದು ಇಂಗ್ಲೆಂಡಿನ ಡರ್ಬಿಗೆ ಹೋದ ಮೊದಲ ಬೆಳಿಗ್ಗೆ. ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಜ್ಜಿಯ ಊಟದ ಮೇಜಿನ ಮೇಲೆ ಹೊಟ್ಟೆ ಉಬ್ಬಿದ ಕಂದು ಶೀಶೆಯೊಂದು ಕೂತಿತ್ತು. ಹಳದಿ ಮುಚ್ಚಳ ತೆಗೆದರೆ ಒಳಗೆ ಕಪ್ಪಗೆ ಹೊಳೆಯುವ ಪಾಕ. ಚಮಚ ಎತ್ತಿದರೆ ನೂಲಾಗಿ ಇಳಿಯುತ್ತಿತ್ತು. ಶಿರಸಿ ಕಡೆಯವನಿಗೆ ಇದರ ಪರಿಚಯ ಬೇರೆ ಮಾಡಿಸಬೇಕೇ? ಜೋನಿಬೆಲ್ಲ! ನಮ್ಮ ತೆಳು ದೋಸೆ ತೆಳ್ಳೇವಿಗೆ ಹಾಕಿಕೊಳ್ಳುವಷ್ಟೇ ಧಾರಾಳವಾಗಿ ಟೋಸ್ಟಿನ ಮೇಲೆ ಸುರಿದುಕೊಂಡು ದೊಡ್ಡದಾಗಿ ಕಚ್ಚಿದೆ.

ಉಪ್ಪು. ಉಪ್ಪಿನಕಾಯಿ ಭರಣಿಯ ತಳಕ್ಕೆ ಸಾರಿನ ಚರಟ ಸೇರಿಸಿ ಮೂರು ದಿನ ಬತ್ತಿಸಿದಂಥ ಉಪ್ಪು.

‘ಅಷ್ಟೊಂದು ಹಾಕಬಾರದು, ಮಿ ಡಕ್!’ ಎಂದು ಅಜ್ಜಿ ಓಡಿಬಂದರು. ಡರ್ಬಿಯಲ್ಲಿ ಅಕ್ಕರೆಗೆ ಎದುರಿನವರನ್ನು ಬಾತುಕೋಳಿ ಅನ್ನುತ್ತಾರೆ. ಆ ಗಳಿಗೆಯಲ್ಲಿ ನನ್ನ ಮುಖ ನೋಡಿದ್ದರೆ ಅದು ಬರೀ ಅಕ್ಕರೆ ಅನ್ನಿಸುತ್ತಿರಲಿಲ್ಲ.

ಅದು ಮಾರ್ಮೈಟ್. ಪಕ್ಕದ ಬರ್ಟನ್ ಅಪಾನ್ ಟ್ರೆಂಟ್ ಊರಲ್ಲಿ ಬಿಯರ್ ತಯಾರಿಸಿ ಉಳಿದ ಯೀಸ್ಟಿನಿಂದ 1902ರಲ್ಲಿ ಇದನ್ನು ಮಾಡಲು ಶುರು ಮಾಡಿದರಂತೆ. ಬಿಯರಿನ ಚರಟ ಎಂದು ತಿಳಿದಾಗ ನಮ್ಮ ಅಜ್ಜನ ನೆನಪಾಗಿ ಒಮ್ಮೆ ಆಕಾಶ ನೋಡಿದೆ. ಬೆಣ್ಣೆ ಹಚ್ಚಿದ ಟೋಸ್ಟಿನ ಮೇಲೆ ಇದನ್ನು ಚಾಕುವಿನ ತುದಿಯಲ್ಲಿ ಹಚ್ಚಿದೆಯೋ ಇಲ್ಲವೋ ಎಂಬಂತೆ ಸವರಬೇಕು. ನಮ್ಮಲ್ಲಿ ಮದುವೆ ಊಟದ ಎಲೆ ತುದಿಗೆ ಉಪ್ಪು ಬಡಿಸುವವನ ಕೈಗೆ ಮಾತ್ರ ಒಲಿಯುವ ವಿದ್ಯೆ ಇದು.

ಟೋಸ್ಟಿನ ಕತೆಯೇ ಬೇರೆ. ಕಾವಲಿಯಿಂದ ಎದ್ದ ತೆಳ್ಳೇವು ಬಾಳೆಗೆ ಬೀಳುವಷ್ಟರಲ್ಲೇ ಆರಿತೆಂದು ಗೊಣಗುವ ವಂಶ ನಮ್ಮದು. ಅಜ್ಜಿಯೋ, ಬಿಸಿ ಟೋಸ್ಟನ್ನು ಬೇಕೆಂದೇ ಆರಲು ಬಿಡುತ್ತಿದ್ದರು. ಅದಕ್ಕೊಂದು ಬೆಳ್ಳಿ ಬಣ್ಣದ ಸ್ಟ್ಯಾಂಡು ಬೇರೆ. ಲೈಬ್ರರಿಯ ಪುಸ್ತಕಗಳಂತೆ ಹೋಳುಗಳೆಲ್ಲ ನಿಂತುಕೊಂಡು ತಣ್ಣಗಾಗುತ್ತವೆ. ಹಬೆ ಹೋಗದಿದ್ದರೆ ಟೋಸ್ಟು ಮೆತ್ತಗಾಗುತ್ತದಂತೆ. ಸರಿ, ಒಪ್ಪಿದೆ. ಆದರೆ ಇಷ್ಟು ಜತನದಿಂದ ಗರಿಗರಿ ಉಳಿಸಿಕೊಂಡ ಟೋಸ್ಟಿನ ಮೇಲೆ ಟೊಮೆಟೊ ಸಾಸಿನಲ್ಲಿ ಈಜುವ ಬೀನ್ಸನ್ನು ಡಬ್ಬಿಗಟ್ಟಲೆ ಸುರಿದು ನೆನೆಸುವುದು ಯಾವ ನ್ಯಾಯ?

ಆ ಬೀನ್ಸ್ ಸಿಹಿ. ಖಾರವಿಲ್ಲ, ಒಗ್ಗರಣೆಯಿಲ್ಲ. ಒಂದು ಭಾನುವಾರ ತಡೆಯಲಾರದೆ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸು ಹಾಕಿದೆ. ಸಾಸಿವೆ ಚಟಪಟ ಅನ್ನುವುದರೊಳಗೆ ಛಾವಣಿಯ ಹೊಗೆ ಅಲಾರಂ ಊರಿಗೆಲ್ಲ ಕೇಳುವಂತೆ ಅರಚಿತು. ಅಜ್ಜಿ ಕುರ್ಚಿ ಹತ್ತಿ, ಟೀ ಟವೆಲ್ಲಿನಿಂದ ಅದಕ್ಕೆ ಚಾಮರ ಬೀಸಿದರು. ಕೆಳಗೆ ನಾನು ಸೌಟು ಹಿಡಿದು ಕೆಮ್ಮುತ್ತ ನಿಂತಿದ್ದೆ. ಅಂದಿನ ಬೀನ್ಸನ್ನು ಅಜ್ಜಿ ಕಣ್ಣೀರು ಒರೆಸಿಕೊಳ್ಳುತ್ತಲೇ ಎರಡು ಸಲ ಬಡಿಸಿಕೊಂಡರು ಎಂಬುದನ್ನೂ ಹೇಳಿಬಿಡಬೇಕು.

ನನಗೆ ಕೂಡಲೇ ಒಗ್ಗಿದ್ದು ಮಾರ್ಮಲೇಡ್ ಒಂದೇ. ಸ್ಪೇನಿನ ಸೆವಿಲ್ಲೆಯ ಕಹಿ ಕಿತ್ತಳೆ ಜನವರಿ ಹೊತ್ತಿಗೆ ಅಂಗಡಿಗೆ ಬಂದೊಡನೆ ಅಜ್ಜಿ ಸಿಪ್ಪೆ ಹೆಚ್ಚಲು ಕೂರುತ್ತಿದ್ದರು. ಸಕ್ಕರೆ, ಹುಳಿ, ನಾಲಿಗೆ ತುದಿಗೆ ಸಣ್ಣ ಕಹಿ: ಖಾರ ಮರೆತ ಹೇರಳೆಕಾಯಿ ಗೊಜ್ಜು.

ರಜೆಗೆ ಊರಿಗೆ ಹೋಗುವಾಗ ಮಾರ್ಮೈಟ್ ಶೀಶೆಯೊಂದನ್ನು ಒಯ್ದಿದ್ದೆ. ಆಯಿ ಬೆರಳ ತುದಿಯಲ್ಲಿ ನೆಕ್ಕಿ, ‘ಇದು ಔಷಧಿಯಾ ತಮಾ?’ ಅಂದಳು. ಆಕೆಯ ಊಹೆ ಸುಳ್ಳೇನಲ್ಲ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಗಳ ಗರ್ಭಿಣಿಯರ ರಕ್ತಹೀನತೆಗೆ ಇದೇ ಮಾರ್ಮೈಟ್ ಕೊಟ್ಟು ಗುಣವಾದದ್ದನ್ನು ಕಂಡಿದ್ದಳು. ಅದರಲ್ಲಿದ್ದ ಗುಣಕ್ಕೆ ಆಮೇಲೆ ಫೋಲಿಕ್ ಆ್ಯಸಿಡ್ ಎಂಬ ಹೆಸರು ಬಂತು. ನಾನು ಇಷ್ಟೆಲ್ಲ ವಿವರಿಸುವ ಹೊತ್ತಿಗೆ ಆಯಿ ಶೀಶೆಯನ್ನು ಎಮ್ಮೆಯ ಅಕ್ಕಚ್ಚಿಗೆ ಬಗ್ಗಿಸಿ ಆಗಿತ್ತು. ಎಮ್ಮೆ ತಳ ನೆಕ್ಕಿ ಕುಡಿಯಿತು. ಒಳ್ಳೆಯ ಶೀಶೆ ಕಂಡರೆ ಬಿಡದ ಆಯಿ ಅದನ್ನು ತೊಳೆದು, ಒಣಗಿಸಿ, ಆಲೆಮನೆಯ ಹೊಸ ಜೋನಿಬೆಲ್ಲ ತುಂಬಿಸಿ ಕೊಟ್ಟಳು. ಎರಡು ಪಂಚೆಯಲ್ಲಿ ಸುತ್ತಿ ಡರ್ಬಿಗೆ ತಂದೆ.

ಬಂದ ಮರುದಿನ ಪ್ರಯಾಣದ ಆಯಾಸಕ್ಕೆ ತಡವಾಗಿ ಎದ್ದು ಕೆಳಗಿಳಿದರೆ ಟೋಸ್ಟು ಸ್ಟ್ಯಾಂಡಿನಲ್ಲಿ ಆರುತ್ತಿತ್ತು. ನನ್ನ ಶೀಶೆ ಮಾತ್ರ ಕಾಣಲಿಲ್ಲ.

‘ಅದಾ? ಬೆಳಿಗ್ಗೆ ಚೂರು ಸವರಿಕೊಂಡೆ, ಮಿ ಡಕ್. ಇಷ್ಟು ವರ್ಷದಲ್ಲಿ ಮಾರ್ಮೈಟ್ ಕೆಟ್ಟಿದ್ದು ನೋಡಿರಲಿಲ್ಲ ನಾನು,’ ಅಜ್ಜಿ ದನಿ ತಗ್ಗಿಸಿದರು. ‘ಪೂರ್ತಿ ಸಿಹಿಯಾಗಿಬಿಟ್ಟಿತ್ತು. ನೀನು ತಿಂದುಗಿಂದೀಯ ಅಂತ ಎಸೆದುಬಿಟ್ಟೆ.’