ಹುಳ ಮುದ್ದಾಗಿದೆ

ಗೇಮ್ ಜಾಮ್ ಒಂದಕ್ಕಾಗಿ ಎರಡು ದಿನ ನಿದ್ದೆಗೆಟ್ಟು ಒಂದು ಬಸವನಹುಳುವಿನ ಕಂಪ್ಯೂಟರ್ ಆಟ ಮಾಡಿದ್ದೆ. ಅದಕ್ಕೆ ಬಂದ ಮೊದಲ ಅಭಿಪ್ರಾಯದಲ್ಲಿ ಇದ್ದದ್ದು ಎರಡೇ ಪದ. "ಹುಳ ಮುದ್ದಾಗಿದೆ."

ಖುಷಿಯಾಯಿತು. ಯಾರೋ ಗುರುತು ಪರಿಚಯ ಇಲ್ಲದವರು ನಮ್ಮ ಆಟ ಆಡಿ ಮುದ್ದಾಗಿದೆ ಅಂದರೆ ಯಾರಿಗೆ ತಾನೇ ಬೇಜಾರಾಗುತ್ತದೆ? ಸ್ವಲ್ಪ ಹೊತ್ತಿಗೆ ಇನ್ನೊಬ್ಬರು "ಚೆನ್ನಾಗಿದೆ" ಅಂದರು. ಅದೂ ಸಿಹಿಯೇ. ಮೂರನೆಯವರು ಮಾತ್ರ ಒಂದು ಪ್ರಶ್ನೆ ಕೇಳಿದರು: "ಹೆಸರಲ್ಲಿ ಬಸವನಹುಳು ಅಂತಿದೆ, ಚಿಪ್ಪು ಎಲ್ಲಿ?"

ಎದೆ ಧಸಕ್ ಅಂದಿತು. ಯಾಕಂದ್ರೆ ಇಡೀ ಆಟ ನಿಂತಿದ್ದೇ ಆ ಚಿಪ್ಪಿನ ಮೇಲೆ. ಆ ಸಲ ಕೊಟ್ಟಿದ್ದ ವಿಷಯ 'ಹೊರೆ'. ನನ್ನ ಹುಳು ಚಿಪ್ಪು ಬಿಚ್ಚಿಟ್ಟರೆ ಸಣ್ಣ ಸಂದಿಯಲ್ಲಿ ನುಸುಳಬಹುದು, ಎತ್ತರಕ್ಕೆ ಜಿಗಿಯಬಹುದು (ಬಸವನಹುಳು ಜಿಗಿಯುತ್ತಾ ಅಂತ ಕೇಳಬೇಡಿ, ನನ್ನದು ಜಿಗಿಯುತ್ತದೆ), ಆದರೆ ಮೇಲಿಂದ ಉದುರುವ ಒಂದೇ ಒಂದು ಹರಳು ಉಪ್ಪು ತಾಗಿದರೂ ಕಥೆ ಮುಗೀತು. ಹಾಗಾಗಿ ವಾಪಸ್ ಬಂದು ಚಿಪ್ಪು ಹಾಕಿಕೊಳ್ಳಬೇಕು. ಅಂಥ ಚಿಪ್ಪೇ ಮಾಯ! ಹುಡುಕಿದರೆ ಆಗಿದ್ದು ಇಷ್ಟು: ಚಿತ್ರದ ಫೈಲಿನ ಹೆಸರು ಕ್ಯಾಪಿಟಲ್ ಎಸ್‌ನಿಂದ ಶುರುವಾಗುತ್ತಿತ್ತು, ಕೋಡಿನಲ್ಲಿ ನಾನು ಸ್ಮಾಲ್ ಎಸ್ ಬರೆದಿದ್ದೆ. ವಿಂಡೋಸ್‌ಗೆ ಎರಡೂ ಒಂದೇ, ಅದಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು. ಬ್ರೌಸರಿನಲ್ಲಿ ಆಡಲಿ ಅಂತ ಅಪ್‌ಲೋಡ್ ಮಾಡಿದ ಕೂಡಲೇ ಅವೆರಡು ಬೇರೆ ಬೇರೆ ಹೆಸರಾದವು. ಹುಳ ಮುದ್ದಾಗಿದೆ ಅಂದವರು ಸುಳ್ಳು ಹೇಳಿರಲಿಲ್ಲ. ಅವರು ನೋಡಿದ್ದು ಬರೀ ಹುಳವನ್ನೇ.

ಗೇಮ್ ಜಾಮ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ವಿಷಯ ಕೊಡುತ್ತಾರೆ, ಒಂದು ಗಡುವು ಕೊಡುತ್ತಾರೆ, ಅಷ್ಟರಲ್ಲಿ ಆಟ ಮಾಡಿ ಮುಗಿಸಬೇಕು. 2002ರ ಮಾರ್ಚ್‌ನಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಕ್ರಿಸ್ ಹೆಕರ್, ಶಾನ್ ಬ್ಯಾರೆಟ್ ಮತ್ತು ಅವರ ಕೆಲವು ಪ್ರೋಗ್ರಾಮರ್ ಗೆಳೆಯರು ಹೀಗೆ ನಾಲ್ಕು ದಿನ ಕೂತಿದ್ದರು. ಪರದೆಯ ಮೇಲೆ ಲಕ್ಷ ಗೊಂಬೆಗಳನ್ನು ಒಟ್ಟಿಗೆ ಓಡಾಡಿಸಬಲ್ಲ ಒಂದು ಎಂಜಿನ್ (ಆಟ ನಡೆಸುವ ತಂತ್ರಾಂಶ) ಇಟ್ಟುಕೊಂಡು, ಇದರಲ್ಲಿ ಏನೇನು ಆಟ ಮಾಡಬಹುದು ನೋಡೋಣ ಅಂತ. ಅದೇ ವರ್ಷ ಏಪ್ರಿಲ್‌ನಲ್ಲಿ ಲುಡಮ್ ಡೇರ್ ಅನ್ನುವ ಆನ್‌ಲೈನ್ ಜಾಮ್ ಶುರುವಾಯಿತು. 2009ರಲ್ಲಿ ಗ್ಲೋಬಲ್ ಗೇಮ್ ಜಾಮ್ ಬಂತು, ಒಂದೇ ವಾರಾಂತ್ಯಕ್ಕೆ ಎಷ್ಟೋ ದೇಶಗಳಲ್ಲಿ ಜನ ಒಟ್ಟಿಗೆ ಕೂತು ಮಾಡುವಂಥದ್ದು. ಈಗಂತೂ ಮೂರೇ ಗಂಟೆಯ ಜಾಮ್ ಇದೆ, ಇಡೀ ಆಟ 13 ಕಿಲೋಬೈಟ್ ಒಳಗೆ ಇರಬೇಕು ಅನ್ನುವ ಜಾಮ್ ಕೂಡ ಇದೆ. ಅದಕ್ಕಿಂತ ದೊಡ್ಡ ಫೋಟೊಗಳನ್ನು ನಾವು ದಿನವೂ ಸುಮ್ನೆ ಫಾರ್ವರ್ಡ್ ಮಾಡುತ್ತಿರುತ್ತೇವೆ.

48 ಗಂಟೆ ಅಂದರೆ ಕೇಳೋಕೆ ಜಾಸ್ತಿ. ಮೊದಲ ಐದು ಗಂಟೆ 'ಮಹಾ ಐಡಿಯಾ'ಕ್ಕೆ ಹೋಗುತ್ತದೆ. ಮುಂದಿನ ಹತ್ತು ಗಂಟೆ ಆ ಐಡಿಯಾವನ್ನು ಕತ್ತರಿಸೋದಕ್ಕೆ. ಹತ್ತು ಹಂತ ಅಂದುಕೊಂಡಿದ್ದು ಆರಾಗುತ್ತದೆ, ಮಾತಾಡುವ ಮರ ಹೋಗುತ್ತದೆ, ಮಳೆ ಹೋಗುತ್ತದೆ. ಸದ್ದಿನ ನೆನಪಾಗುವುದು ಕೊನೆಯ ಗಂಟೆಯಲ್ಲಿ. ಅದಕ್ಕೆ ಎಸ್‌ಎಫ್‌ಎಕ್ಸ್‌ಆರ್ ಅನ್ನುವ ಪುಟ್ಟ ಸಲಕರಣೆ ಇದೆ. 2007ರಲ್ಲಿ ಲುಡಮ್ ಡೇರ್‌ಗೆ ಬರುವವರಿಗಾಗಿಯೇ ಒಬ್ಬರು ಮಾಡಿದ್ದು. 'ಜಂಪ್' ಅನ್ನುವ ಗುಂಡಿ ಒತ್ತಿದರೆ ಒಂದು ಪ್ಯೂಂಯ್ಕ್ ಬರುತ್ತದೆ, ಚೆನ್ನಾಗಿಲ್ಲ ಅನಿಸಿದರೆ ಇನ್ನೊಮ್ಮೆ ಒತ್ತಿ, ಬೇರೆ ಪ್ಯೂಂಯ್ಕ್. ಹೀಗಾಗಿ ಒಂದು ಜಾಮಿನ ಇಪ್ಪತ್ತು ಆಟ ಸಾಲಾಗಿ ಆಡಿದರೆ ಕಪ್ಪೆ, ರೋಬೋಟ್, ಆಲೂಗಡ್ಡೆ, ಎಲ್ಲವೂ ಒಂದೇ ದನಿಯಲ್ಲಿ ಜಿಗಿಯುತ್ತವೆ.

ಮಾಡುವ ಭಾಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಕುತೂಹಲ ಅದರ ಆಮೇಲಿನ ಭಾಗದ್ದು. ಎರಡು ದಿನ ಮಾಡಿದ್ದನ್ನು ಎರಡು ಮೂರು ವಾರ ಎಲ್ಲರೂ ಎಲ್ಲರದ್ದನ್ನೂ ಆಡಿ, ಅಂಕ ಹಾಕಿ, ನಾಲ್ಕು ಮಾತು ಬರೆಯುತ್ತಾರೆ. ಅಂಕದ ಲೆಕ್ಕವೂ ಮಜವಾಗಿದೆ. ಲುಡಮ್ ಡೇರ್‌ನಲ್ಲಿ ಸುಮಾರು ಇಪ್ಪತ್ತು ಜನ ಅಂಕ ಕೊಡದೆ ಹೋದರೆ ನಿಮ್ಮ ಆಟಕ್ಕೆ ಸ್ಥಾನವೇ ಇಲ್ಲ. ಇಚ್ ಡಾಟ್ ಐಓ ಅನ್ನುವ ಆಟಗಳ ಜಾಲತಾಣದಲ್ಲಿ ನಡೆಯುವ ಜಾಮ್‌ಗಳಲ್ಲಿ ಎಲ್ಲ ಆಟಗಳನ್ನೂ ಬಿದ್ದ ಮತದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ಇರುವ ಆಟಕ್ಕಿಂತ ನಿಮ್ಮದಕ್ಕೆ ಕಡಿಮೆ ಮತ ಬಿದ್ದಿದ್ದರೆ ಅಂಕವನ್ನು ಸ್ವಲ್ಪ ಇಳಿಸುತ್ತಾರೆ. ಇಬ್ಬರು ಗೆಳೆಯರ ಕೈಲಿ ಐದಕ್ಕೆ ಐದು ಹಾಕಿಸಿಕೊಂಡು ಮೊದಲ ಸ್ಥಾನಕ್ಕೆ ಏರಬಾರದು ಅಂತ. ಒಳ್ಳೆಯದೇ. ಆದರೆ ಇದರಿಂದ ಆಗುವುದೇನು ಅಂದರೆ, ಎಲ್ಲರೂ ಮತಕ್ಕಾಗಿ ಓಡುತ್ತಾರೆ. ನೀವು ನನ್ನದು ಆಡಿ, ನಾನು ನಿಮ್ಮದು ಆಡುತ್ತೇನೆ. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಆ ಅವಸರದಲ್ಲಿ ಒಂದೂವರೆ ನಿಮಿಷ ಆಡಿ ಬರೆಯುವ ಮಾತೇ "ಚೆನ್ನಾಗಿದೆ". ನಾನೂ ಬರೆದಿದ್ದೇನೆ, ಬೇಕಾದಷ್ಟು.

ಚೆನ್ನಾಗಿದೆ ಅನ್ನುವುದರಲ್ಲಿ ತಪ್ಪಿಲ್ಲ. ಮೊದಲ ಸಲ ಆಟ ಮಾಡಿದವರಿಗೆ ಆ ಒಂದು ಪದವೇ ಹಬ್ಬ. ಅದರಿಂದ ಏನೂ ಗೊತ್ತಾಗುವುದಿಲ್ಲ, ಅಷ್ಟೇ. ಮಾಡಿದವರಿಗೆ ತಮ್ಮ ಆಟ ಕಾಣುವುದೇ ಇಲ್ಲ, ಅಲ್ವಾ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಒಂದು ಕಾರಣ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೆರಳಿನದ್ದು. ಮೊದಲ ಹಂತ ಸರಿಯಾಗಿದೆಯಾ ಅಂತ ನೋಡಲು ನಾನೇ ಅದನ್ನು ಇನ್ನೂರು ಸಲ ಆಡಿರುತ್ತೇನೆ. ಉಪ್ಪು ಯಾವಾಗ ಉದುರುತ್ತದೆ ಅಂತ ನನ್ನ ಬೆರಳಿಗೇ ಗೊತ್ತು. ಕಣ್ಣು ಮುಚ್ಚಿ ದಾಟುತ್ತೇನೆ. ತೀರಾ ಸುಲಭವಾಯಿತು ಅನಿಸಿ ಇನ್ನೆರಡು ಹರಳು ಸೇರಿಸುತ್ತೇನೆ. ಹೊಸಬರು ಬಂದು ಮೊದಲ ಹಂತದಲ್ಲೇ ಒಂಬತ್ತು ಸಲ ಸತ್ತು ಎದ್ದು ಹೋಗುತ್ತಾರೆ. ಆಡುವುದು ಹೇಗೆ ಅಂತ ಕೆಳಗಡೆ ಬರೆದಿದ್ದೆನಲ್ಲ ಅಂತ ನಮ್ಮ ವಾದ. ಕೆಳಗಡೆ ಬರೆದದ್ದನ್ನು ಯಾರೂ ಓದಲ್ಲ. ನಾನೂ ಓದಲ್ಲ.

ಬೇರೆಯವರ ಮಾತು ಬೇಕಾಗುವುದು ಇಲ್ಲೇ. ಆದರೆ ಎಂಥ ಮಾತು?

ಹಿಂದೊಂದು ಸಲ ನನಗೆ "ಕಂಟ್ರೋಲ್ ಒಂಥರಾ ಇದೆ" ಅಂತ ಬರೆದಿದ್ದರು. ಒಂಥರಾ ಅಂದರೆ ಏನು ಮಾಡಲಿ? ಗೊಂಬೆಯ ವೇಗ ಹೆಚ್ಚಿಸಿದೆ, ಕಮ್ಮಿ ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ಇನ್ನೊಬ್ಬರು ಬರೆದರು: "ಕಟ್ಟೆಯ ತುದಿಯಲ್ಲಿ ಜಂಪ್ ಒತ್ತಿದ್ದೇನೆ, ಖಂಡಿತ ಒತ್ತಿದ್ದೇನೆ, ಆದ್ರೂ ಬಿದ್ದೆ." ಆ 'ಖಂಡಿತ' ನೋಡಿ ನಗು ಬಂತು, ಆದರೆ ಕಾರಣ ತಕ್ಷಣ ಹೊಳೆಯಿತು. ಅವರು ಒತ್ತಿದ್ದು ನಿಜ, ಗೊಂಬೆ ಕಟ್ಟೆ ದಾಟಿದ ಮೇಲೆ ಒತ್ತಿದ್ದು. ಕಂಪ್ಯೂಟರಿನ ಲೆಕ್ಕದಲ್ಲಿ ಆಗಲೇ ಕಾಲ ಕೆಳಗೆ ನೆಲ ಇಲ್ಲ. ಆಡುವವರ ಲೆಕ್ಕದಲ್ಲಿ ಇನ್ನೂ ಇದೆ. ಇದಕ್ಕೆ ಆಟ ಮಾಡುವವರು 'ಕಯೋಟಿ ಟೈಮ್' ಅಂತ ಒಂದು ಉಪಾಯ ಮಾಡಿಕೊಂಡಿದ್ದಾರೆ. ಕಾರ್ಟೂನಿನಲ್ಲಿ ಕಯೋಟಿ ಅನ್ನುವ ತೋಳದಂಥ ಪ್ರಾಣಿ ಪ್ರಪಾತದಾಚೆ ಗಾಳಿಯಲ್ಲೇ ಓಡಿ, ಕೆಳಗೆ ನೋಡಿದ ಮೇಲೆ ಬೀಳುತ್ತದಲ್ಲ, ಅದರ ಹೆಸರು. ತುದಿ ದಾಟಿದ ಮೇಲೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಅಂದರೆ ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ ಆರು ಚಿತ್ರಗಳಷ್ಟು ಹೊತ್ತು, ಜಿಗಿಯಲು ಬಿಡುವುದು. ಕೋಡಿನಲ್ಲಿ ನಾಲ್ಕೇ ಸಾಲು. ಹಾಕಿದ ಮೇಲೆ ಕಂಟ್ರೋಲ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ಇದೊಂದು ಪುಣ್ಯದ ಮೋಸ. ಆಟ ಸುಳ್ಳು ಹೇಳಿದರೆ ಮಾತ್ರ ಆಡುವವರಿಗೆ ನಿಜ ಅನಿಸುತ್ತದೆ.

ಹಾಗಂತ ಕಂಟ್ರೋಲ್ ಕಷ್ಟ ಅನ್ನುವುದು ಯಾವಾಗಲೂ ದೂರಲ್ಲ. 2013ರ ಗ್ಲೋಬಲ್ ಗೇಮ್ ಜಾಮಿನಲ್ಲಿ ಸರ್ಜನ್ ಸಿಮ್ಯುಲೇಟರ್ ಅಂತ ಒಂದು ಆಟ ಹುಟ್ಟಿತು. ಆಪರೇಷನ್ ಮಾಡುವ ಡಾಕ್ಟರ ಒಂದೊಂದು ಬೆರಳಿಗೂ ಒಂದೊಂದು ಕೀ. ಒಂದು ಸಲಕರಣೆ ಎತ್ತಲು ಹೋದರೆ ಮೇಜಿನ ಮೇಲಿದ್ದದ್ದೆಲ್ಲ ರೋಗಿಯ ಎದೆಯೊಳಗೆ. ಅದರ ಮಜಾ ಇರುವುದೇ ಆ ಕಷ್ಟದಲ್ಲಿ. ಕಂಟ್ರೋಲ್ ಸರಿಮಾಡಿ ಅಂತ ಅವರು ಯಾರದಾದರೂ ಮಾತು ಕೇಳಿ ಸರಿಮಾಡಿಬಿಟ್ಟಿದ್ದರೆ ಆಟವೇ ಉಳಿಯುತ್ತಿರಲಿಲ್ಲ.

ಈ ಮಾತು ಕೇಳಿ ಸರಿಮಾಡುವ ವಿಷಯದಲ್ಲಿ ನಾನೇ ಒಮ್ಮೆ ಪಾಪ ಕಟ್ಟಿಕೊಂಡಿದ್ದೇನೆ. ಯಾರೋ ಒಬ್ಬರು ಒಂದು ಪುಟ್ಟ ಆಟ ಮಾಡಿದ್ದರು. ಕತ್ತಲೆ ಕೋಣೆ, ಒಂದು ದೀಪ, ಬಾಗಿಲು ಹುಡುಕಬೇಕು. ಅಷ್ಟೇ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ನನಗೆ ಅದು ತುಂಬಾ ಹಿಡಿಸಿತು, ಹಿಡಿಸಿದ್ದೇ ಎಡವಟ್ಟಾಯಿತು. ಉತ್ಸಾಹದಲ್ಲಿ ಉದ್ದಕ್ಕೆ ಬರೆದೆ: ದೀಪದ ಎಣ್ಣೆ ಖಾಲಿಯಾಗುತ್ತಾ ಹೋಗಲಿ, ಕತ್ತಲಲ್ಲಿ ಏನೋ ಬೆನ್ನಟ್ಟಲಿ, ಇನ್ನೊಂದಿಷ್ಟು ಕೋಣೆ ಇರಲಿ, ಕೊನೆಗೊಂದು ಕಥೆ ಇರಲಿ. ಅವರು ವಿನಯದಿಂದ "ಥ್ಯಾಂಕ್ಸ್, ಪ್ರಯತ್ನ ಮಾಡ್ತೀನಿ" ಅಂದರು. ಜಾಮ್ ಮುಗಿದು ಕೆಲವು ತಿಂಗಳಾದ ಮೇಲೆ ನೋಡಿದರೆ ನಿಜವಾಗಿಯೂ ಪ್ರಯತ್ನ ಮಾಡಿದ್ದರು. ಎಣ್ಣೆ ಖಾಲಿಯಾಗುತ್ತಿತ್ತು, ಏನೋ ಬೆನ್ನಟ್ಟುತ್ತಿತ್ತು, ಮೊದಲಿದ್ದ ಆ ಮೌನ ಹೋಗಿತ್ತು. ಅದು ಅವರ ಆಟವೂ ಅಲ್ಲ, ನನ್ನದೂ ಅಲ್ಲ ಅನ್ನುವ ಹಾಗಿತ್ತು. ನಾನು ಹೇಳಬೇಕಾಗಿದ್ದ ಮಾತು ಒಂದೇ ಇತ್ತು: "ದೀಪ ಹಿಡಿದು ಗೋಡೆ ಪಕ್ಕ ನಡೆಯುವಾಗ ನನಗೇ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದೆ." ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದೆ.

ನನ್ನ ಹುಳುವಿನ ಕಥೆಗೆ ಬರೋಣ. ಹೊಸದೇನೂ ಸೇರಿಸದೆ ಇಂಥ ಬಗ್ ಮಾತ್ರ ಸರಿಪಡಿಸಲು ಗಡುವಿನ ಆಮೇಲೂ ಬಹಳಷ್ಟು ಜಾಮ್‌ಗಳಲ್ಲಿ ಬಿಡುತ್ತಾರೆ. ಕ್ಯಾಪಿಟಲ್ ಎಸ್ ಸರಿಮಾಡಿದೆ, ಚಿಪ್ಪು ಬಂತು. ಎರಡು ದಿನ ಬಿಟ್ಟು ಒಬ್ಬರು ಬರೆದರು:

"ಮೊದಲನೇ ಪರದೆಯಲ್ಲೇ ಝಡ್ ಒತ್ತಿ ಚಿಪ್ಪು ಬಿಟ್ಟೆ. ಮತ್ತೆ ಹಾಕ್ಕೊಳ್ಳೋದು ಹೇಗೆ ಅಂತ ಗೊತ್ತಾಗಲಿಲ್ಲ, ಎಕ್ಸ್ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಐದನೇ ಪರದೆಯಲ್ಲಿ ಉಪ್ಪಿಗೆ ಸಿಕ್ಕಿ ಹನ್ನೊಂದು ಸಲ ಸತ್ತೆ. ಕೊನೆಗೆ ಬರಿಮೈಯಲ್ಲೇ ಮನೆ ಸೇರಿದೆ. ಚಿಪ್ಪು ಅಲ್ಲೇ ಉಳೀತಲ್ಲ ಅಂತ ಬೇಜಾರಾಯ್ತು. ಅದೇ ಕಥೆ ಇರಬೇಕು ಅಂದ್ಕೊಂಡೆ."

ಚೆನ್ನಾಗಿದೆ ಅಂದಿಲ್ಲ, ಚೆನ್ನಾಗಿಲ್ಲ ಅಂದಿಲ್ಲ, ಹೀಗೆ ಮಾಡಿ ಹಾಗೆ ಮಾಡಿ ಅಂದಿಲ್ಲ. ತಮಗೆ ಏನಾಯಿತು ಅಂತ ಮಾತ್ರ ಹೇಳಿದ್ದರು. ಅಷ್ಟರಲ್ಲೇ ಎಷ್ಟೊಂದಿತ್ತು! ಚಿಪ್ಪಿನ ಪಕ್ಕ ನಿಂತು ಮತ್ತೆ ಝಡ್ ಒತ್ತಬೇಕು ಅನ್ನುವುದನ್ನು ನಾನು ಆಟದೊಳಗೆ ಎಲ್ಲೂ ಹೇಳಿಲ್ಲ ಅಂತ ಗೊತ್ತಾಯಿತು. ಚಿಪ್ಪಿಲ್ಲದೆಯೂ ಆಟ ಮುಗಿಸಬಹುದು ಅಂತ ಗೊತ್ತಾಯಿತು, ಮಾಡಿದವನಿಗೇ ಗೊತ್ತಿರಲಿಲ್ಲ ಅದು. ಐದನೇ ಪರದೆಯ ಉಪ್ಪು ಅತಿಯಾಯಿತು, ಆದರೆ ಹನ್ನೊಂದು ಸಲ ಸತ್ತರೂ ಬಿಟ್ಟು ಹೋಗುವಷ್ಟು ಅತಿಯಾಗಿಲ್ಲ ಅಂತಲೂ ಗೊತ್ತಾಯಿತು. ಮತ್ತೆ ಆ ಕೊನೆಯ ಮಾತು. ಹೊರೆ ಹೊತ್ತುಕೊಂಡೇ ಹೋಗಬೇಕು ಅಂತ ನಾನು ಕಥೆ ಕಟ್ಟಿದ್ದೆ. ಅವರು ಹೊರೆ ಹಿಂದೆ ಬಿಟ್ಟು ಹೋಗುವವರ ಕಥೆ ಆಡಿದ್ದರು. ನಿಜ ಹೇಳಬೇಕಂದ್ರೆ ಅವರದ್ದೇ ನನ್ನದಕ್ಕಿಂತ ಒಳ್ಳೆಯ ಆಟ.

ಜಾಮ್ ಮುಗಿದ ಮೇಲೆ ಚಿಪ್ಪಿನ ತಲೆಯ ಮೇಲೆ ಒಂದು ಸಣ್ಣ 'ಝಡ್' ಮಿನುಗುವ ಹಾಗೆ ಮಾಡಿದೆ. ಉಪ್ಪು ಎರಡು ಹರಳು ಕಮ್ಮಿ ಮಾಡಿದೆ. ಬರಿಮೈಯಲ್ಲಿ ಹೋಗುವ ದಾರಿಯನ್ನು ಮುಚ್ಚಬೇಕು ಅಂತ ಕೂತವನು ಮುಚ್ಚಲಿಲ್ಲ. ಬದಲಿಗೆ ಇನ್ನೊಂದು ಕೊನೆಯ ಚಿತ್ರ ಬರೆದೆ. ಬಾಗಿಲಲ್ಲಿ ಹುಳು, ಆರು ಪರದೆ ಹಿಂದೆ ಒಂಟಿ ಚಿಪ್ಪು.

ಈಗ ಮತ್ತೊಂದು ಜಾಮ್ ನಡೀತಿದೆ. ಈ ಸಲ ನಾನು ಏನೂ ಮಾಡಲಿಲ್ಲ, ಆಡುತ್ತಿದ್ದೇನೆ ಅಷ್ಟೇ. ಎದುರಿಗೆ ಇರುವುದು ಒಂದು ಚೆಂಡಿನ ಆಟ, ಮೂರನೇ ಹಂತದ ಎಡಗಡೆ ಗುಂಡಿಗೆ ಹದಿನೇಳು ಸಲ ಬಿದ್ದಿದ್ದೇನೆ. ಆ ಗುಂಡಿಯನ್ನು ಮುಚ್ಚಿ ಅಂತ ಬರೆದಿದ್ದೆ, ಅಳಿಸಿದೆ. "ಹದಿನೇಳು ಸಲ ಬಿದ್ದೆ, ಹದಿನಾರನೇ ಸಲದ ಹೊತ್ತಿಗೆ ಚೆಂಡಿನ ಹತ್ತಿರ ಮಾತಾಡೋಕೆ ಶುರು ಮಾಡಿದ್ದೆ" ಅಂತ ಬರೆದು ಇನ್ನೂ ಕಳಿಸಿಲ್ಲ. ತಡೀರಿ, ಹದಿನೆಂಟನೇ ಸಲ ನೋಡಿಬಿಡುತ್ತೇನೆ.